ಒಂದು ಫೋಲ್ಡರಿಗೆ ಇಬ್ಬರು ಯಜಮಾನರು

ಹೊಸ ಟೂಲ್ ಒಂದನ್ನು ಇಳಿಸಿಕೊಂಡು ಓಡಿಸಿದ ಕೂಡಲೇ ಟರ್ಮಿನಲ್ಲಿನಲ್ಲಿ ‘ವರ್ಶನ್ ಜಿಲಿಬ್‌ಸಿ_2.34 ನಾಟ್ ಫೌಂಡ್’ ಎಂಬ ಸಾಲು ಬರುತ್ತದೆ. ಹೆಚ್ಚಿನವರು ಆ ಸಾಲನ್ನು ನಕಲು ಮಾಡಿ ಹುಡುಕುತ್ತಾರೆ, ಸಿಕ್ಕ ಮೊದಲ ಉತ್ತರದಲ್ಲಿರುವ, ಅಡ್ಮಿನ್ ಅಧಿಕಾರದಲ್ಲಿ ಓಡುವ ಸುಡೊ ಕಮಾಂಡನ್ನು ಹಾಗೇ ಅಂಟಿಸಿ ಎಂಟರ್ ಒತ್ತುತ್ತಾರೆ. ಅದು ಬೇರೆ ಯಾರದೋ ಕಂಪ್ಯೂಟರಿಗೆ, ಬೇರೆ ಯಾವುದೋ ವರ್ಷದಲ್ಲಿ ಬರೆದುಕೊಟ್ಟ ಔಷಧಿ ಚೀಟಿ. ಕೆಲವೊಮ್ಮೆ ಗುಣವಾಗುತ್ತದೆ. ಆಗದಿದ್ದರೆ, ಮೊದಲು ಒಂದು ಟೂಲ್ ಮಾತ್ರ ಓಡುತ್ತಿರಲಿಲ್ಲ, ಈಗ ಟರ್ಮಿನಲ್ಲೇ ತೆರೆಯುವುದಿಲ್ಲ ಎಂಬ ಸ್ಥಿತಿಗೆ ಬಂದು ನಿಲ್ಲುತ್ತೇವೆ.

ಲೈಬ್ರರಿ ಎಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಕಡತ. ಲೈಬ್ರರಿ ಜಗಳ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಮೂರು ಬೇರೆ ಹೊತ್ತಿನಲ್ಲಿ, ಮೂವರು ಬೇರೆಯವರು ತೆಗೆಯುವ ತಕರಾರು. ಇನ್‌ಸ್ಟಾಲ್ ಮಾಡುವಾಗ ಮಾತಾಡುವುದು ಆಪ್ಟ್, ಪಿಪ್, ಎನ್‌ಪಿಎಂನಂಥ ಪ್ಯಾಕೇಜ್ ಮ್ಯಾನೇಜರ್, ಅಂದರೆ ಟೂಲು, ಲೈಬ್ರರಿಗಳನ್ನು ತಂದು ಹಾಕುವ ಪ್ರೋಗ್ರಾಮ್ (ಆಪ್ಟ್ ಉಬುಂಟುವಿನದು, ಪಿಪ್ ಪೈಥಾನಿನದು, ಎನ್‌ಪಿಎಂ ಜಾವಾಸ್ಕ್ರಿಪ್ಟಿನದು). ಕಂಪೈಲ್ ಮಾಡುವಾಗ, ಅಂದರೆ ಮೂಲ ಕೋಡನ್ನು ಓಡುವ ಪ್ರೋಗ್ರಾಮಾಗಿಸುವಾಗ, ಮಾತಾಡುವುದು ತುಣುಕುಗಳನ್ನು ಬೆಸೆಯುವ ಲಿಂಕರ್. ‘ಕೆನಾಟ್ ಫೈಂಡ್ -ಎಲ್‌ಎಸ್‌ಎಸ್‌ಎಲ್’ ಎಂಬುದು ಅದರ ಭಾಷೆ, ಬೇಕಾಗಿರುವುದು ‘-ಡೆವ್’ ಎಂದು ಕೊನೆಯಾಗುವ ಪ್ಯಾಕೇಜು. ಓಡಿಸುವಾಗ ಮಾತಾಡುವುದು ಲೋಡರ್, ಅಂದರೆ ಪ್ರೋಗ್ರಾಮ್ ಶುರುವಾಗುವ ಮೊದಲು ಅದಕ್ಕೆ ಬೇಕಾದ ಲೈಬ್ರರಿಗಳನ್ನೆಲ್ಲ ಹುಡುಕಿ ಜೋಡಿಸುವ ಪುಟ್ಟ ಪ್ರೋಗ್ರಾಮ್. ಮಾತಾಡುತ್ತಿರುವವರು ಯಾರೆಂದು ಗುರುತು ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಲೋಡರ್ ತೆಗೆದ ತಕರಾರಿಗೆ ಪಿಪ್ ಬಳಿ ಪರಿಹಾರ ಕೇಳುವುದು, ಕರೆಂಟ್ ಬಿಲ್ಲು ಹಿಡಿದುಕೊಂಡು ನೀರಿನ ಆಫೀಸಿಗೆ ಹೋದಂತೆ.

(ಓದಲು ತೊಡಕಾಗದಿರಲೆಂದು ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಉದಾಹರಣೆಗಳು ಬಹುಪಾಲು ಉಬುಂಟು ಮತ್ತು ಡೆಬಿಯನ್‌ನವು.)

ಮೊದಲು ಹೆಸರಿನ ವಿಷಯ. ಲಿನಕ್ಸಿನಲ್ಲಿ ಲೈಬ್ರರಿಯ ಕಡತ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’, ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3’ ಎಂಬಂತೆ ಇರುತ್ತದೆ. ಕೊನೆಯ ಅಂಕಿ ಅಲಂಕಾರಕ್ಕೆ ಇಟ್ಟದ್ದಲ್ಲ, ಅದೊಂದು ಕರಾರು. ಹಳೆಯ ಪ್ರೋಗ್ರಾಮುಗಳು ಒಡೆಯುವಂಥ ಬದಲಾವಣೆ ಮಾಡಿದಾಗ ಲೈಬ್ರರಿ ಬರೆಯುವವರು ಆ ಅಂಕಿಯನ್ನು ಬದಲಿಸಬೇಕು. ಅಂಕಿ ಬೇರೆಯಾದರೆ ಎರಡೂ ಕಡತಗಳು ಒಂದೇ ಕಂಪ್ಯೂಟರಿನಲ್ಲಿ ತಂಟೆಯಿಲ್ಲದೆ ಇರಬಹುದು. ಅಂಕಿ ಒಂದೇ ಆಗಿದ್ದು ಒಳಗಿನ ಸರಕು ಬೇರೆಯಾದಾಗ ಜಗಳ ಬಿಗಡಾಯಿಸುತ್ತದೆ. ಯಾವ ಪ್ರೋಗ್ರಾಮಿಗೆ ಏನು ಬೇಕೆಂದು ತಿಳಿಯಲು ‘ಎಲ್‌ಡಿಡಿ’ ಎಂದು ಬರೆದು ಪ್ರೋಗ್ರಾಮಿನ ಹೆಸರು ಕೊಡಿ. ‘ನಾಟ್ ಫೌಂಡ್’ ಎಂದಿರುವ ಸಾಲುಗಳನ್ನು ಮಾತ್ರ ನೋಡಿದರೆ ಸಾಕು. ಆದರೆ ಎಲ್‌ಡಿಡಿ ಕೆಲವು ಸಂದರ್ಭಗಳಲ್ಲಿ ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ಎಲ್ಲಿಂದಲೋ ಇಳಿಸಿದ, ನಂಬಿಕೆಯಿಲ್ಲದ ಕಡತವಾದರೆ ‘ರೀಡ್‌ಎಲ್ಫ್ -ಡಿ’ ಬಳಸಿ. ಅದು ಓಡಿಸದೆ ಓದುತ್ತದೆ, ‘ನೀಡೆಡ್’ ಎಂಬ ಸಾಲುಗಳಲ್ಲಿ ಅದೇ ಪಟ್ಟಿ ಸಿಗುತ್ತದೆ.

ಇನ್ನು ಜಿಲಿಬ್‌ಸಿ. ಇದು ಲಿನಕ್ಸಿನ ಬಹುತೇಕ ಪ್ರೋಗ್ರಾಮುಗಳ ಅಡಿಗಲ್ಲು. ಇದರ ಕಡತದ ಹೆಸರಿನ ಅಂಕಿ ವರ್ಷಗಳಿಂದ 6ರಲ್ಲೇ ನಿಂತಿದೆ, ಒಳಗಿನ ಪ್ರತಿ ಫಂಕ್ಷನ್ನಿಗೂ ಬೇರೆಯಾಗಿ ಆವೃತ್ತಿಯ ಚೀಟಿ ಅಂಟಿಸಿರುತ್ತಾರೆ. ಹಳೆಯ ಜಿಲಿಬ್‌ಸಿಯಲ್ಲಿ ಕಂಪೈಲ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಓಡುವ ಭರವಸೆಯಿಲ್ಲ. ಉಬುಂಟು 20.04ರಲ್ಲಿ ಇರುವುದು 2.31, 22.04ರಲ್ಲಿ 2.35, 24.04ರಲ್ಲಿ 2.39. ಡೆಬಿಯನ್ 12ರಲ್ಲಿ 2.36. ನಿಮ್ಮದು ಯಾವುದೆಂದು ‘ಎಲ್‌ಡಿಡಿ --ವರ್ಶನ್’ನ ಮೊದಲ ಸಾಲು ಹೇಳುತ್ತದೆ.

ಎಲ್ಲ ಬಿಟ್ಟು 2.34ರ ಹೆಸರೇ ಯಾಕೆ ಇಷ್ಟು ಕೇಳಿಬರುತ್ತದೆ ಎಂಬುದಕ್ಕೆ ಕಾರಣವಿದೆ. 2021ರ ಆಗಸ್ಟಿನಲ್ಲಿ ಬಂದ ಆ ಆವೃತ್ತಿಯಲ್ಲಿ, ಅಲ್ಲಿಯವರೆಗೆ ಬೇರೆಯಾಗಿದ್ದ ಪಿಥ್ರೆಡ್ ಲೈಬ್ರರಿಯನ್ನು (ಒಂದೇ ಪ್ರೋಗ್ರಾಮು ಹಲವು ಕೆಲಸ ಒಟ್ಟಿಗೆ ಮಾಡಲು ಬೇಕಾದದ್ದು) ಜಿಲಿಬ್‌ಸಿಯ ಮುಖ್ಯ ಕಡತವಾದ ಲಿಬ್‌ಸಿಯೊಳಕ್ಕೇ ಸೇರಿಸಿದರು. ಪ್ರತಿ ಸಿ ಪ್ರೋಗ್ರಾಮೂ ಶುರುವಾಗುವಾಗ ಕರೆಯುವ ಫಂಕ್ಷನ್ನಿಗೇ ಆಗ ಹೊಸ ಚೀಟಿ ಬಿತ್ತು. ಹಾಗಾಗಿ ಆಮೇಲಿನ ಡಿಸ್ಟ್ರೊಗಳಲ್ಲಿ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಬಗೆಗಳಲ್ಲಿ) ಕಂಪೈಲ್ ಮಾಡಿದ ಪ್ರೋಗ್ರಾಮು, ಒಂದೇ ಒಂದು ಹೊಸ ಸೌಲಭ್ಯವನ್ನು ಬಳಸದಿದ್ದರೂ, ಹಳೆಯ ಕಂಪ್ಯೂಟರಿನಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 18ರ ಸಿದ್ಧ ಕಡತಗಳು 2.28 ಬೇಡುತ್ತಿದ್ದುದರಿಂದ 2.27 ಇದ್ದ ಉಬುಂಟು 18.04ರವರೂ 2.17 ಇದ್ದ ಸೆಂಟ್‌ಒಎಸ್ 7ರವರೂ ಇದೇ ಬಾಗಿಲಲ್ಲಿ ನಿಂತಿದ್ದರು.

ಇಲ್ಲಿ ಮಾಡಬಾರದ ಕೆಲಸ ಒಂದೇ: ಜಿಲಿಬ್‌ಸಿಯನ್ನು ಕೈಯಾರೆ ಬದಲಿಸುವುದು. ಲಿಬ್‌ಸಿ ಮತ್ತು ಲೋಡರ್ ಎರಡೂ ಒಂದೇ ಆವೃತ್ತಿಯ ಜೋಡಿಯಾಗಿರಬೇಕು. ಒಂದನ್ನು ಮಾತ್ರ ತಂದು /ಲಿಬ್ ಫೋಲ್ಡರಿಗೆ ಹಾಕಿದರೆ ಮುಂದಿನ ಕ್ಷಣದಿಂದ ಎಲ್‌ಎಸ್, ಸಿಪಿ, ಸುಡೊ ಯಾವುದೂ ಓಡುವುದಿಲ್ಲ. ತಪ್ಪನ್ನು ಹಿಂದೆಗೆಯಲು ಬೇಕಾದ ಕಮಾಂಡೂ ಅದೇ ಲಿಬ್‌ಸಿಯನ್ನು ನಂಬಿರುತ್ತದೆ. ಆಮೇಲೆ ಯುಎಸ್‌ಬಿ ಡ್ರೈವಿನಿಂದ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡಿ, ಹಳೆಯ ಕಡತ ವಾಪಸ್ ಇಡುವುದೇ ಸಾಮಾನ್ಯ ದಾರಿ. ಮುಂದಿನ ಡಿಸ್ಟ್ರೊ ಆವೃತ್ತಿಯ ರೆಪೊಸಿಟರಿಯನ್ನು (ಪ್ಯಾಕೇಜುಗಳ ಉಗ್ರಾಣವನ್ನು) ಸೇರಿಸಿ ಆಪ್ಟ್ ಮೂಲಕ ಲಿಬ್‌ಸಿ6 ಏರಿಸುವುದು ಅಷ್ಟು ಭಯಂಕರವಾಗಿ ಕಾಣುವುದಿಲ್ಲ, ಆದರೆ ಅದೂ ಹಿಂತಿರುಗಲು ದಾರಿಯಿಲ್ಲದ ಹೆಜ್ಜೆ. ಪ್ಯಾಕೇಜುಗಳನ್ನು ಹಿಂದಿನ ಆವೃತ್ತಿಗೆ ಇಳಿಸುವುದನ್ನು ಡೆಬಿಯನ್ ಬೆಂಬಲಿಸುವುದಿಲ್ಲ.

ಮಾಡಬಹುದಾದದ್ದು ಹಲವಿವೆ. ಟೂಲಿನ ಬಿಡುಗಡೆಗಳ ಪಟ್ಟಿಯಲ್ಲಿ ‘ಮಸಲ್’ ಅಥವಾ ‘ಸ್ಟ್ಯಾಟಿಕ್’ ಎಂದು ಬರೆದ ಕಡತ ಇದೆಯೇ ನೋಡಿ. ರಸ್ಟ್ ಮತ್ತು ಗೋ ಭಾಷೆಯ ಟೂಲುಗಳಿಗೆ ಅನೇಕ ವೇಳೆ ಇರುತ್ತದೆ, ಅದಕ್ಕೆ ಜಿಲಿಬ್‌ಸಿಯ ಹಂಗೇ ಇಲ್ಲ. ಇಲ್ಲದಿದ್ದರೆ ಮೂಲ ಕೋಡನ್ನು ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ, ಆಗ ನಿಮ್ಮ ಜಿಲಿಬ್‌ಸಿಯ ಚೀಟಿಗಳೇ ಅಂಟುತ್ತವೆ. ಅದೂ ಆಗದಿದ್ದರೆ ಕಂಟೇನರ್, ಅಂದರೆ ತನ್ನದೇ ಕಡತಗಳೊಂದಿಗೆ ಪ್ರೋಗ್ರಾಮನ್ನು ಓಡಿಸುವ ಪ್ರತ್ಯೇಕ ಡಬ್ಬಿ. ಡಾಕರ್ ಕಂಟೇನರು ನಿಮ್ಮ ಕರ್ನೆಲ್ಲನ್ನು ಮಾತ್ರ ಹಂಚಿಕೊಳ್ಳುತ್ತದೆ, ಜಿಲಿಬ್‌ಸಿ ಅದರದ್ದೇ. ಒಂದು ಪುಟ್ಟ ಫಾರ್ಮ್ಯಾಟರ್ ಓಡಿಸಲು ಇಡೀ ಕಂಟೇನರು ಹೊರುವುದು ಮೂಗಿಗಿಂತ ಮೂಗುತಿ ಭಾರ ಎನಿಸಬಹುದು. ಕೆಟ್ಟುಹೋದ ಲಿಬ್‌ಸಿಯಷ್ಟು ಭಾರವೇನಲ್ಲ.

ಸಿ++ನ ಲೈಬ್ರರಿಯದು ಇದರ ತಮ್ಮನಂಥ ಕಥೆ, ಒಂದು ತಿರುವು ಮಾತ್ರ ಹೆಚ್ಚು. ‘ಜಿಲಿಬ್‌ಸಿಎಕ್ಸ್‌ಎಕ್ಸ್_3.4.30 ನಾಟ್ ಫೌಂಡ್’ ಎಂದರೆ ಜಿಸಿಸಿ (ಕಂಪೈಲ್ ಮಾಡುವ ಟೂಲು) 12 ಅಥವಾ ಅದರ ಮೇಲಿನ ಆವೃತ್ತಿಯ ಲಿಬ್‌ಎಸ್‌ಟಿಡಿಸಿ++ ಬೇಕು ಎಂದರ್ಥ. ವಿಚಿತ್ರವೆಂದರೆ ಉಬುಂಟು 22.04ರಲ್ಲಿ ಅದು ಇದ್ದೇ ಇದೆ. ‘ಸ್ಟ್ರಿಂಗ್ಸ್’ ಕಮಾಂಡಿಗೆ ಆ ಕಡತ ಕೊಟ್ಟು ‘ಗ್ರೆಪ್ ಜಿಲಿಬ್‌ಸಿಎಕ್ಸ್‌ಎಕ್ಸ್’ ಮಾಡಿದರೆ 3.4.30 ಕಣ್ಣಿಗೇ ಕಾಣುತ್ತದೆ. ಆದರೂ ಇಲ್ಲ ಎನ್ನುತ್ತದೆ. ಆಗ ಎರರ್ ಸಾಲಿನ ಆರಂಭದಲ್ಲಿರುವ ಪಾಥ್ ಓದಬೇಕು. ಅಲ್ಲಿ ಹೆಚ್ಚಾಗಿ ‘ಅನಕೊಂಡ3/ಲಿಬ್’ ಎಂಬಂಥದ್ದು ಇರುತ್ತದೆ. ಅದು ಕೊಂಡಾದ್ದು, ಅಂದರೆ ಪೈಥಾನನ್ನೂ ಲೈಬ್ರರಿಗಳನ್ನೂ ತನ್ನದೇ ಫೋಲ್ಡರಿನಲ್ಲಿ ಇಡುವ ಇನ್ನೊಂದು ಪ್ಯಾಕೇಜ್ ಮ್ಯಾನೇಜರಿನದು. ಒಂದು ಪ್ರೋಸೆಸ್ಸಿನಲ್ಲಿ ಒಂದು ಹೆಸರಿನ ಲೈಬ್ರರಿ ಒಮ್ಮೆ ಮಾತ್ರ ಲೋಡ್ ಆಗುತ್ತದೆ, ಊರಿಗೊಬ್ಬಳೇ ಪದ್ಮಾವತಿ. ಕೊಂಡಾದ ಪೈಥಾನ್ ತನ್ನ ಹಳೆಯ ಲಿಬ್‌ಎಸ್‌ಟಿಡಿಸಿ++ ಅನ್ನು ಮೊದಲು ಹತ್ತಿಸಿಕೊಂಡಿದೆ. ಆಮೇಲೆ ಬಂದ ಸಿಸ್ಟಮ್ಮಿನ ಗ್ರಾಫಿಕ್ಸ್ ಡ್ರೈವರಿಗೆ ಅದೇ ಹಳೆಯದು ಗಂಟುಬಿದ್ದಿದೆ. ಆ ಕೊಂಡಾ ಪರಿಸರದೊಳಗೇ ‘ಕೊಂಡಾ-ಫೋರ್ಜ್’ ಚಾನೆಲ್ಲಿನಿಂದ ‘ಲಿಬ್‌ಎಸ್‌ಟಿಡಿಸಿಎಕ್ಸ್‌ಎಕ್ಸ್-ಎನ್‌ಜಿ’ಯ 12ಕ್ಕೆ ಕಡಿಮೆಯಿಲ್ಲದ ಆವೃತ್ತಿ ಹಾಕಿದರೆ ಜಗಳ ಮುಗಿಯುತ್ತದೆ. ಸಿಸ್ಟಮ್ಮಿನ ಕಡತವನ್ನು ಕೊಂಡಾದ ಫೋಲ್ಡರಿಗೆ ನಕಲು ಮಾಡುವ ಸಲಹೆಯೂ ಚಾಲ್ತಿಯಲ್ಲಿದೆ. ಇವತ್ತು ನಡೆಯುತ್ತದೆ, ಕೊಂಡಾದ ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗುತ್ತದೆ. ಆ ಫೋಲ್ಡರಿನ ಯಜಮಾನ ಕೊಂಡಾ, ನಾವು ನಡುವೆ ನುಸುಳಿದವರು.

ಈ ಸಾಲಿನಲ್ಲೇ ‘ಎಲ್‌ಡಿ_ಲೈಬ್ರರಿ_ಪಾಥ್’ ಬಗ್ಗೆ ಎರಡು ಮಾತು. ಲೈಬ್ರರಿ ಹುಡುಕುವ ಜಾಗವನ್ನು ಲೋಡರಿಗೆ ಹೇಳುವ ವೇರಿಯಬಲ್ ಇದು. ಲೋಡರ್ ಹುಡುಕುವ ಕ್ರಮ ಹೀಗಿದೆ: ಪ್ರೋಗ್ರಾಮಿನೊಳಗೇ ಬರೆದ ಆರ್‌ಪಾಥ್, ಆಮೇಲೆ ಈ ವೇರಿಯಬಲ್, ಆಮೇಲೆ ರನ್‌ಪಾಥ್, ಆಮೇಲೆ ಎಲ್‌ಡಿಕಾನ್ಫಿಗ್ ತಯಾರಿಸಿಟ್ಟ ಕ್ಯಾಶೆ, ಕೊನೆಗೆ /ಲಿಬ್ ಮತ್ತು /ಯುಎಸ್‌ಆರ್/ಲಿಬ್. ರನ್‌ಪಾಥ್ ಇರುವ ಕಡತದಲ್ಲಿ ಆರ್‌ಪಾಥ್‌ಗೆ ಬೆಲೆಯಿಲ್ಲ. ಅಂದರೆ ಈ ವೇರಿಯಬಲ್ ಸಿಸ್ಟಮ್ಮಿನ ಎಲ್ಲ ಏರ್ಪಾಡನ್ನೂ ಹಿಂದೆ ಹಾಕುತ್ತದೆ. ಒಂದು ಕಮಾಂಡಿನ ಮುಂದೆ ಬರೆದು ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆಯ ಸಲಕರಣೆಯಿಲ್ಲ. ಬ್ಯಾಶ್‌ಆರ್‌ಸಿಯಲ್ಲಿ ಕಾಯಂ ಆಗಿ (ಟರ್ಮಿನಲ್ ತೆರೆದಾಗಲೆಲ್ಲ ಓದುವ ಕಡತ ಅದು) ಬರೆದಿಟ್ಟರೆ ಮಾತ್ರ ಆ ಶೆಲ್ಲಿನಿಂದ ಹುಟ್ಟುವ ಪ್ರತಿ ಪ್ರೋಗ್ರಾಮೂ ಆ ಫೋಲ್ಡರಿನ ಲೈಬ್ರರಿಗಳನ್ನೇ ಮೊದಲು ಎತ್ತಿಕೊಳ್ಳುತ್ತದೆ. ಆರು ತಿಂಗಳ ನಂತರ ಗಿಟ್ ಯಾಕೆ ಕೆಟ್ಟಿತೆಂದು ಯಾರಿಗೂ ಹೊಳೆಯುವುದಿಲ್ಲ. ಯಾವ ಲೈಬ್ರರಿ ಎಲ್ಲಿಂದ ಬಂತೆಂದು ಪತ್ತೆಮಾಡಲು ಕಮಾಂಡಿನ ಮುಂದೆ ‘ಎಲ್‌ಡಿ_ಡೀಬಗ್=ಲಿಬ್ಸ್’ ಸೇರಿಸಿ. ಉದ್ದುದ್ದ ಉತ್ತರ ಬರುತ್ತದೆ, ಆದರೆ ಲೋಡರ್ ಎಲ್ಲೆಲ್ಲಿ ತಡಕಾಡಿತು ಎಂಬುದರ ಪೂರ್ತಿ ಲೆಕ್ಕ ಅದರಲ್ಲಿರುತ್ತದೆ.

ಈಗ ಆಪ್ಟ್. ‘ಅನ್‌ಮೆಟ್ ಡಿಪೆಂಡೆನ್ಸೀಸ್’, ಅದರ ಹಿಂದೆಯೇ ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’. ಎರಡನೆಯ ವಾಕ್ಯ ದಾರಿ ತಪ್ಪಿಸುವಂಥದ್ದು. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೇಳಿದರೆ ಎಷ್ಟೋ ಸಲ ತಡೆಹಿಡಿದ ಪ್ಯಾಕೇಜು ಒಂದೂ ಇರುವುದಿಲ್ಲ. ಆಪ್ಟ್ ಹೇಳಬೇಕಿರುವುದು ಇಷ್ಟೇ: ನೀನು ಕೇಳಿದ್ದಕ್ಕೆ ಬೇಕಾದ ಆವೃತ್ತಿ ನನಗೆ ಗೊತ್ತಿರುವ ಯಾವ ರೆಪೊಸಿಟರಿಯಲ್ಲೂ ಇಲ್ಲ, ಅಥವಾ ಈಗಾಗಲೇ ಇರುವುದರ ಜೊತೆ ಅದು ಹೊಂದುವುದಿಲ್ಲ. ಇಂಥಲ್ಲಿ ಸರಪಳಿ ಹಿಡಿದು ಕೆಳಗಿಳಿಯಬೇಕು. ಎರರ್‌ನಲ್ಲಿ ‘ಡಿಪೆಂಡ್ಸ್’ ಎಂದು ಹೇಳಿದ ಪ್ಯಾಕೇಜನ್ನೇ ನೇರವಾಗಿ ಇನ್‌ಸ್ಟಾಲ್ ಮಾಡಲು ಕೇಳಿ. ಅದು ಮತ್ತೊಂದರ ಹೆಸರು ಹೇಳುತ್ತದೆ, ಅದನ್ನೂ ಕೇಳಿ. ಎರಡು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ನಿಜವಾದ ತಕರಾರುದಾರ ಸಿಗುತ್ತಾನೆ. ಪ್ರತಿ ಸಲವೂ ‘-ಎಸ್’ ಸೇರಿಸಿದರೆ ಆಪ್ಟ್ ನಟನೆ ಮಾತ್ರ ಮಾಡುತ್ತದೆ, ಏನನ್ನೂ ಮುಟ್ಟುವುದಿಲ್ಲ.

ಸಿಕ್ಕವನ ಮೇಲೆ ‘ಆಪ್ಟ್-ಕ್ಯಾಶ್ ಪಾಲಿಸಿ’ ಓಡಿಸಿ. ಈಗ ಇರುವ ಆವೃತ್ತಿ ಯಾವುದು, ಹಾಕಬಹುದಾದದ್ದು ಯಾವುದು, ಯಾವುದು ಯಾವ ರೆಪೊಸಿಟರಿಯದು ಎಲ್ಲ ಅಲ್ಲಿರುತ್ತದೆ. ಈಗಿರುವ ಆವೃತ್ತಿಯ ಎದುರು /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಒಂದೇ ಕಂಡರೆ ಆ ಪ್ಯಾಕೇಜಿಗೆ ಈಗ ತವರು ಇಲ್ಲ ಎಂದರ್ಥ. ಹಿಂದೆಂದೋ ಸೇರಿಸಿ ತೆಗೆದ ಪಿಪಿಎ ಎಂಬ ಹೊರಗಿನವರ ರೆಪೊಸಿಟರಿಯಿಂದಲೋ ಕೈಯಾರೆ ಹಾಕಿದ ಡೆಬ್ ಕಡತದಿಂದಲೋ ಬಂದದ್ದು ಅದು. ಹೊರಗಿನ ಪಿಪಿಎ ಇನ್ನೂ ಇದ್ದರೆ ‘ಪಿಪಿಎ-ಪರ್ಜ್’ ಅದನ್ನು ತೆಗೆದು, ಅದರಿಂದ ಬಂದ ಪ್ಯಾಕೇಜುಗಳನ್ನು ಉಬುಂಟುವಿನ ಸ್ವಂತ ಆವೃತ್ತಿಗೆ ಇಳಿಸುತ್ತದೆ. ಪಿಪಿಎಯನ್ನು ಬರೀ ಪಟ್ಟಿಯಿಂದ ಅಳಿಸಿದರೆ ಹಾಗಾಗುವುದಿಲ್ಲ, ತವರಿಲ್ಲದ ಪ್ಯಾಕೇಜುಗಳು ಅಲ್ಲೇ ಉಳಿದು ಮುಂದಿನ ಅಪ್‌ಗ್ರೇಡಿಗೆ ಅಡ್ಡಬೀಳುತ್ತವೆ.

ಉಬುಂಟು 24.04ರಲ್ಲಿ ಇನ್ನೊಂದು ಗೊಂದಲ ಸೇರಿಕೊಂಡಿತು. ಹಳೆಯ ಸೂಚನೆಗಳಂತೆ ‘ಲಿಬ್‌ಅಸೌಂಡ್2’ ಕೇಳಿದರೆ ಇನ್‌ಸ್ಟಾಲ್ ಮಾಡಲು ಏನೂ ಇಲ್ಲ ಎನ್ನುತ್ತದೆ. ಈಗ ಅದರ ಹೆಸರು ‘ಲಿಬ್‌ಅಸೌಂಡ್2ಟಿ64’. 32 ಬಿಟ್ಟಿನ ಗಡಿಯಾರ 2038ರಲ್ಲಿ ತುಂಬಿ ಹರಿಯುತ್ತದೆ. ಅದನ್ನು ತಪ್ಪಿಸಲು ಸಮಯದ ಲೆಕ್ಕವನ್ನು 64 ಬಿಟ್ಟಿಗೆ ಏರಿಸಿದಾಗ ನೂರಾರು ಲೈಬ್ರರಿ ಪ್ಯಾಕೇಜುಗಳ ಹೆಸರಿಗೆ ಈ ಬಾಲ ಬಂತು. ‘ಲಿಬ್‌ಎಸ್‌ಎಸ್‌ಎಲ್3’ ಕೂಡ ಈಗ ‘ಲಿಬ್‌ಎಸ್‌ಎಸ್‌ಎಲ್3ಟಿ64’. ಹೆಸರಿನ ಕೊನೆಗೆ ಟಿ64 ಸೇರಿಸಿ ನೋಡುವುದು ಒಂದು ನಿಮಿಷದ ಕೆಲಸ.

ಓಪನ್‌ಎಸ್‌ಎಸ್‌ಎಲ್‌ನ ಬದಲಾವಣೆಯಷ್ಟು ಜನರನ್ನು ಗೋಳಾಡಿಸಿದ್ದು ಕಡಿಮೆ. ಜಾಲದ ಮಾತುಕತೆಯನ್ನು ಗುಪ್ತವಾಗಿಡುವ ಲೈಬ್ರರಿ ಇದು, ಲಿಬ್‌ಎಸ್‌ಎಸ್‌ಎಲ್ ಇದರದ್ದೇ ಕಡತ. 2022ರ ಏಪ್ರಿಲಿನಲ್ಲಿ ಬಂದ ಉಬುಂಟು 22.04, 1.1 ಅನ್ನು ಪೂರ್ತಿ ಕೈಬಿಟ್ಟು 3.0ಗೆ ಹೋಯಿತು. 1.1 ಬೇಡುವ ಟೂಲುಗಳಿಗೆಂದು 20.04ರ ಡೆಬ್ ಕಡತವನ್ನು ತಂದು ಹಾಕುವ ಸಲಹೆ ಎಲ್ಲೆಡೆ ಇದೆ. ಕಡತದ ಅಂಕಿ ಬೇರೆಯಾದ್ದರಿಂದ ಅದು ಕೆಲಸ ಮಾಡುತ್ತದೆ, ಏನನ್ನೂ ಒಡೆಯುವುದೂ ಇಲ್ಲ. ಆದರೆ 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. ಹೀಗೆ ತಂದು ಹಾಕಿದ ಕಡತಕ್ಕೆ 22.04ರಲ್ಲಿ ರೆಪೊಸಿಟರಿಯೇ ಇಲ್ಲವಾದ್ದರಿಂದ ಭದ್ರತೆಯ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಜಾಲಕ್ಕೆ ತೆರೆದುಕೊಂಡ ಸರ್ವರಿನಲ್ಲಿ ಅದನ್ನು ಇಟ್ಟುಕೊಳ್ಳಬಾರದು. ರೂಬಿ ಭಾಷೆಯ 3.0 ಮತ್ತು ಅದರ ಹಿಂದಿನ ಆವೃತ್ತಿಗಳು ಓಪನ್‌ಎಸ್‌ಎಸ್‌ಎಲ್ 3.0 ಜೊತೆ ಕಂಪೈಲ್ ಆಗುವುದಿಲ್ಲ, ರೂಬಿ 3.1ರಿಂದ ಆಗುತ್ತವೆ. ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಒಂದು ಕಂಪ್ಯೂಟರಿನಲ್ಲಿ ಒಂದೇ ಆವೃತ್ತಿ ಇರಲು ಸಾಧ್ಯ. ಹಾಗಾಗಿ ಹಳೆಯ ರೂಬಿ ಬೇಕೇ ಬೇಕೆಂದರೆ 1.1ನ್ನು ಹೋಮ್ ಫೋಲ್ಡರಿನೊಳಗೆ ಬೇರೆಯಾಗಿ ಕಂಪೈಲ್ ಮಾಡಿ ಅದರತ್ತ ಬೆರಳು ತೋರಿಸಬೇಕು. ರೂಬಿ-ಬಿಲ್ಡ್ ಈ ಕೆಲಸವನ್ನು ತಾನೇ ಮಾಡುತ್ತದೆ. ನೋಡ್ 17ರಿಂದ, ವೆಬ್‌ಸೈಟಿನ ಕೋಡನ್ನು ಒಟ್ಟು ಕಟ್ಟುವ ಹಳೆಯ ವೆಬ್‌ಪ್ಯಾಕ್ 4 ಒಡೆದದ್ದೂ ಇದೇ ಕಾರಣಕ್ಕೆ. ಅದು ಬಳಸುತ್ತಿದ್ದ ಎಂಡಿ4 ಎಂಬ ಹಳೆಯ ಹ್ಯಾಶನ್ನು ಓಪನ್‌ಎಸ್‌ಎಸ್‌ಎಲ್ 3.0 ಮೂಲೆಗೆ ಸರಿಸಿತು. ‘--ಓಪನ್‌ಎಸ್‌ಎಸ್‌ಎಲ್-ಲೆಗಸಿ-ಪ್ರೊವೈಡರ್’ ತಾತ್ಕಾಲಿಕ ಶಮನ, ವೆಬ್‌ಪ್ಯಾಕ್ 5ರ ಹೊಸ ಆವೃತ್ತಿ ಪರಿಹಾರ.

ಪೈಥಾನ್‌ಗೆ ಬಂದರೆ ಇಬ್ಬರು ಯಜಮಾನರ ಸಮಸ್ಯೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಉಬುಂಟುವಿನ ಎಷ್ಟೋ ಒಳಗಿನ ಕೆಲಸಗಳು ಪೈಥಾನಿನಲ್ಲಿವೆ, ಆ ಲೈಬ್ರರಿಗಳನ್ನು ಇಡುವುದು ಆಪ್ಟ್. ‘ಸುಡೊ ಪಿಪ್ ಇನ್‌ಸ್ಟಾಲ್’ ಹಾಕುವ ಲೈಬ್ರರಿಗಳು /ಯುಎಸ್‌ಆರ್/ಲೋಕಲ್‌ನಲ್ಲಿ ಕೂರುತ್ತವೆ, ಮತ್ತು ಪೈಥಾನ್ ಹುಡುಕುವಾಗ ಅವೇ ಮೊದಲು ಸಿಗುತ್ತವೆ. ಆಪ್ಟ್ ತನ್ನದು ಸರಿಯಾಗಿದೆ ಎಂದುಕೊಂಡಿರುತ್ತದೆ, ಪಿಪ್ ಅದನ್ನು ಮರೆಮಾಡಿರುತ್ತದೆ. ಇದಕ್ಕೆ ಬೇಲಿಯಾಗಿ ಬಂದದ್ದು ಪೆಪ್ 668 ಎಂಬ ಪೈಥಾನ್ ನಿಯಮ. 2023ರ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಪಿಪ್ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ಹೇಳಿ ಕೈಮುಗಿಯುತ್ತದೆ. ಆ ಬೇಲಿ ಹಾರಿಸುವ ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂಬ ಹೆಸರನ್ನು ಓದಿದ ಮೇಲೂ ಅದನ್ನು ಟೈಪ್ ಮಾಡುವವರ ಧೈರ್ಯ ದೊಡ್ಡದು. ಬೇಕಿರುವುದು ‘ಪೈಥಾನ್3 -ಎಂ ವೆನ್ವ್ ಡಾಟ್‌ವೆನ್ವ್’ ಎಂಬ ಒಂದು ಸಾಲು. ಅದು ಸಿಸ್ಟಮ್ಮಿನ ಲೈಬ್ರರಿಗಳನ್ನು ಮುಟ್ಟದೆ, ನಿಮ್ಮ ಕೆಲಸದ ಲೈಬ್ರರಿಗಳಿಗೆಂದೇ ಬೇರೆ ಫೋಲ್ಡರ್ ಮಾಡಿಕೊಡುತ್ತದೆ. ‘ಎನ್‌ಶ್ಯೂರ್‌ಪಿಪ್ ಇಲ್ಲ’ ಎಂದರೆ ಮೊದಲು ಆಪ್ಟ್ ಮೂಲಕ ‘ಪೈಥಾನ್3-ವೆನ್ವ್’ ಹಾಕಿಕೊಳ್ಳಿ. ಬ್ಲ್ಯಾಕ್, ರಫ್‌ನಂಥ ಕಮಾಂಡ್ ಟೂಲುಗಳಿಗೆ ಪಿಪ್‌ಎಕ್ಸ್ ಇದೆ, ಒಂದೊಂದಕ್ಕೂ ಬೇರೆ ಮನೆ ಕಟ್ಟಿಕೊಡುತ್ತದೆ.

ಇದಕ್ಕಿಂತ ಅಪಾಯದ ಹೆಜ್ಜೆ, ‘ಪೈಥಾನ್3’ ಎಂಬ ಕೊಂಡಿಯನ್ನೇ ಹೊಸ ಆವೃತ್ತಿಗೆ ತಿರುಗಿಸುವುದು. ಮರುಕ್ಷಣ ‘ಆಪ್ಟ್_ಪಿಕೆಜಿ ಎಂಬ ಮಾಡ್ಯೂಲ್ ಇಲ್ಲ’ ಎಂಬ ದೂರು ಬರುತ್ತದೆ, ಗ್ನೋಮ್ ಟರ್ಮಿನಲ್ ತೆರೆಯುವುದನ್ನೇ ನಿಲ್ಲಿಸಬಹುದು. ಆ ಮಾಡ್ಯೂಲುಗಳು ನಿರ್ದಿಷ್ಟ ಪೈಥಾನ್ ಆವೃತ್ತಿಗೆಂದೇ ಕಂಪೈಲ್ ಆದವು. ಕೊಂಡಿಯನ್ನು ಹಳೆಯ ಜಾಗಕ್ಕೆ ತಿರುಗಿಸಿದರೆ ಎಲ್ಲ ಸರಿಹೋಗುತ್ತದೆ, ಸಿಸ್ಟಮ್ಮನ್ನೇ ಮತ್ತೆ ಇನ್‌ಸ್ಟಾಲ್ ಮಾಡುವುದು ನೆಗಡಿಗೆ ಮೂಗು ಕೊಯ್ದ ಹಾಗೆ.

ವೆನ್ವ್ ಒಳಗೂ ಜಗಳ ಇರುತ್ತದೆ, ಆದರೆ ಅಲ್ಲಿ ಸೋತರೆ ಫೋಲ್ಡರ್ ಅಳಿಸಿ ಮತ್ತೆ ಶುರುಮಾಡಬಹುದು. ನಮ್‌ಪೈ ಎಂಬ ಅಂಕಿಗಳ ಲೆಕ್ಕದ ಲೈಬ್ರರಿಯ 2.0 ಬಂದ 2024ರ ಜೂನಿನಲ್ಲಿ ಎಷ್ಟೋ ಕಡೆ ಒಂದೇ ರೀತಿಯ ಎರರ್ ಬಂತು: ‘ನಮ್‌ಪೈ.ಡಿಟೈಪ್ ಸೈಜ್ ಚೇಂಜ್ಡ್’, ನಿರೀಕ್ಷಿಸಿದ್ದು 96, ಸಿಕ್ಕಿದ್ದು 88. 1.x ಎದುರು ಕಂಪೈಲ್ ಆದ ಪಾಂಡಾಸ್‌ನಂಥ ಪ್ಯಾಕೇಜು ನಮ್‌ಪೈಯೊಳಗಿನ ಒಂದು ರಚನೆ 96 ಬೈಟಿನದೆಂದು ನಂಬಿ ಕೂತಿತ್ತು. ತಕ್ಷಣದ ಪರಿಹಾರ ‘ಪಿಪ್ ಇನ್‌ಸ್ಟಾಲ್ "ನಮ್‌ಪೈ<2"’. ಉದ್ಧರಣ ಚಿಹ್ನೆ ಬಿಡಬೇಡಿ, ಬಿಟ್ಟರೆ ಶೆಲ್ ಆ < ಗುರುತನ್ನು ಕಡತದಿಂದ ಓದು ಎಂದು ತಿಳಿಯುತ್ತದೆ. ಹೊಸ ಪಾಂಡಾಸ್ ಹಾಕಲು ಸಾಧ್ಯವಿದ್ದರೆ ಅದೇ ಮೇಲು, 2.0 ಎದುರು ಕಂಪೈಲ್ ಆದವು 1.x ಜೊತೆಗೂ ಓಡುವಂತೆ ನಮ್‌ಪೈಯವರು ಏರ್ಪಾಡು ಮಾಡಿದ್ದಾರೆ. ಏನನ್ನಾದರೂ ಬದಲಿಸಿದ ಮೇಲೆ ‘ಪಿಪ್ ಚೆಕ್’ ಓಡಿಸಿ. ಎಲ್ಲ ಹೊಂದಿಕೊಂಡಾಗ ‘ಪಿಪ್ ಫ್ರೀಜ್’ ಮಾಡಿ ಕಡತದಲ್ಲಿಡಿ. ಎಲ್ಲರ ಷರತ್ತೂ ಹೊಂದುವ ಆವೃತ್ತಿಗಳ ಗುಂಪನ್ನು ಹುಡುಕುವುದು ದೊಡ್ಡ ಸುಡೊಕು ಬಿಡಿಸಿದಂತೆ, 20.3ರಿಂದ ಪಿಪ್ ಆ ಲೆಕ್ಕವನ್ನು ಸರಿಯಾಗಿಯೇ ಬಿಡಿಸುತ್ತದೆ, ಕೆಲವೊಮ್ಮೆ ಒಂದೇ ಪ್ಯಾಕೇಜಿನ ಹತ್ತಾರು ಆವೃತ್ತಿ ಇಳಿಸಿ ನೋಡುತ್ತಾ ಕೂರುತ್ತದೆ. ನಿಮಗೆ ಗೊತ್ತಿರುವ ಮಿತಿಗಳನ್ನು ಮೊದಲೇ ಬರೆದುಕೊಟ್ಟರೆ ಬೇಗ ಏಳುತ್ತದೆ.

ವಿಂಡೋಸಿನಲ್ಲಿ ‘ವಿಸಿರನ್‌ಟೈಮ್140.ಡಿಎಲ್‌ಎಲ್ ಇಲ್ಲ’ ಎಂದರೆ ಮೈಕ್ರೋಸಾಫ್ಟಿನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿ. 32 ಬಿಟ್ಟಿನ ಪ್ರೋಗ್ರಾಮಾದರೆ 64 ಬಿಟ್ಟಿನದು ಸಾಲದು. ಡಿಎಲ್‌ಎಲ್ ಕಡತಗಳನ್ನು ಬಿಡಿಬಿಡಿಯಾಗಿ ಹಂಚುವ ಸೈಟುಗಳ ಕಡೆ ತಲೆ ಹಾಕಬೇಡಿ.

ಇಲ್ಲಿಯವರೆಗಿನ ಜಗಳಗಳೆಲ್ಲ ಕೂಗಿ ಹೇಳುವಂಥವು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ಒಂದು ತೊಡಕು ಬಾಯಿ ಬಿಡುವುದೇ ಇಲ್ಲ. ಪೈಥಾನಿನ ಪಿಲ್ಲೋ ಬಳಸಿ ಚಿತ್ರದ ಮೇಲೆ ಅಕ್ಷರ ಬರೆಯುವ ಪ್ರೋಗ್ರಾಮು ಲ್ಯಾಪ್‌ಟಾಪಿನಲ್ಲಿ ‘ಕನ್ನಡ’ ಎಂದು ಸರಿಯಾಗಿ ಬರೆಯುತ್ತದೆ, ಸರ್ವರಿನಲ್ಲಿ ಒತ್ತಕ್ಷರ ಬಿಡಿಸಿ ‘ಕನ್‌ನಡ’ ಎಂಬಂತೆ ಬರೆಯುತ್ತದೆ. ಫಾಂಟ್ ಅದೇ, ಪಿಲ್ಲೋ ಅದೇ ಆವೃತ್ತಿ, ಎರರ್ ಒಂದೂ ಇಲ್ಲ. ಒತ್ತಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಮತ್ತು ರಾಕ್ಮ್ ಲೈಬ್ರರಿಗಳದು, ಅವು ಪಿಲ್ಲೋದ ಸಿದ್ಧ ಪ್ಯಾಕೇಜಿನೊಳಗೇ ಬರುತ್ತವೆ. ಆದರೆ ರಾಕ್ಮ್‌ಗೆ ಬೇಕಾದ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯನ್ನು ಪಿಲ್ಲೋ ಓಡುವ ಹೊತ್ತಿಗೆ ಸಿಸ್ಟಮ್ಮಿನಲ್ಲಿ ಹುಡುಕುತ್ತದೆ. ಡೆಸ್ಕ್‌ಟಾಪಿನಲ್ಲಿ ಪ್ಯಾಂಗೊ ಎಂಬ ಲೈಬ್ರರಿಯ ಜೊತೆ ಫ್ರಿಬಿಡಿ ಬಂದೇ ಇರುತ್ತದೆ. ಕನಿಷ್ಠ ಸಾಮಾನಿನ ಸರ್ವರಿನಲ್ಲೋ ಸ್ಲಿಮ್ ಕಂಟೇನರಿನಲ್ಲೋ ಇರುವುದಿಲ್ಲ. ಸಿಗದಿದ್ದರೆ ಪಿಲ್ಲೋ ಸದ್ದಿಲ್ಲದೆ ಸರಳ ಜೋಡಣೆಗೆ ಇಳಿಯುತ್ತದೆ. ಆ ಜೋಡಣೆ ಇಂಗ್ಲಿಷಿಗೆ ಸಾಕು, ನಮಗೆ ಸಾಲದು.

ಪತ್ತೆಗೆ ಪೈಥಾನಿನೊಳಗೆ ‘ಫ್ರಮ್ ಪಿಐಎಲ್ ಇಂಪೋರ್ಟ್ ಫೀಚರ್ಸ್’ ಎಂದು ಬರೆದು ‘ಫೀಚರ್ಸ್.ಚೆಕ್("ರಾಕ್ಮ್")’ ಕೇಳಿ. ಉತ್ತರ ‘ಫಾಲ್ಸ್’ ಬಂದರೆ ಆಪ್ಟ್ ಮೂಲಕ ‘ಲಿಬ್‌ಫ್ರಿಬಿಡಿ0’ ಹಾಕಿ, ಪೈಥಾನನ್ನು ಮುಚ್ಚಿ ಮತ್ತೆ ತೆರೆದು ಇನ್ನೊಮ್ಮೆ ಕೇಳಿ. ಪಿಲ್ಲೋವನ್ನು ಮರು ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ.